ರಾತ್ರಿ ಒಂದೂವರೆಯ ಲೋಡು

ನಮ್ಮನೆಯಲ್ಲಿ ರಾತ್ರಿ ಹೊತ್ತು ಫೋನ್ ಬಂದರೆ ಅಮ್ಮ ಎದ್ದು ಕೂತು ಕೇಳುವ ಮೊದಲ ಮಾತು, "ಯಾರು ಹೋದ್ರೋ?" ಯಾರೂ ಹೋಗಿಲ್ಲಮ್ಮ, ಸರ್ವರ್‌ನಲ್ಲಿ ಲೋಡ್ ಜಾಸ್ತಿಯಾಗಿದೆ ಅಂತ ನಾಲ್ಕು ರಾತ್ರಿ ಹೇಳಿದೆ. ಐದನೇ ರಾತ್ರಿ ಅವಳೇ, "ಆ ಲೋಡು ಸಂಜೇನೇ ಇಳಿಸಿ ಮಲ್ಕೋಬಾರದಾ?" ಎಂದಳು.

ನಾನು ನೋಡಿಕೊಳ್ಳುವುದು ಒಂದು ಸಣ್ಣ ಕಂಪನಿಯ ಆರು ಸರ್ವರ್. ಕಾವಲಿಗೆ ನಾಗಿಯೋಸ್, ಅಂದರೆ ಸರ್ವರ್ ಸರಿಯಿದೆಯಾ ಅಂತ ಆಗಾಗ ನೋಡಿ ಕೆಟ್ಟರೆ ತಿಳಿಸುವ ಸಾಫ್ಟ್‌ವೇರ್. 1999ರಲ್ಲಿ ನೆಟ್‌ಸೇಂಟ್ ಅನ್ನೋ ಹೆಸರಿನಲ್ಲಿ ಶುರುವಾದ ಹಳೇ ತಲೆ. ಈಗಿನ ಹುಡುಗರು ಇದೇ ಕೆಲಸಕ್ಕೆ ಪ್ರೊಮಿಥಿಯಸ್ ಅಂತಾರೆ, ನನಗೆ ಇದರ ಟೆಕ್ಸ್ಟ್ ಫೈಲುಗಳೇ ಕೈಗೆ ಹತ್ತಿವೆ. ಎಸ್ಸೆಮ್ಮೆಸ್ಸಿಗೆ ನನಗೆ ಎಚ್ಚರವಾಗುವುದಿಲ್ಲವೆಂದು ಕರೆಯನ್ನೇ ಮಾಡುವ ಸ್ಕ್ರಿಪ್ಟ್ ಜೋಡಿಸಿದ್ದೆ. ಅನುಭವಿಸಿದ್ದು ಅಮ್ಮ.

ತಪ್ಪು ನನ್ನದೇ. ಜೊತೆಗೆ ಬರುವ ಮಾದರಿ ಫೈಲನ್ನು ಹಾಗೇ ಕಾಪಿ ಹೊಡೆದಿದ್ದೆ. ಅದರಲ್ಲಿ ಲೋಡಿಗೆ, ಅಂದರೆ ಓಡುತ್ತಿರುವ ಮತ್ತು ಸರದಿಗೆ ಕಾದಿರುವ ಕೆಲಸಗಳ ಎಣಿಕೆಗೆ, ವಾರ್ನಿಂಗ್ 5, 4, 3. ಕ್ರಿಟಿಕಲ್ 10, 6, 4. ಒಂದು, ಐದು, ಹದಿನೈದು ನಿಮಿಷದ ಸರಾಸರಿಗೆ ಒಂದೊಂದು. ನಮ್ಮ ಡೇಟಾಬೇಸ್ ಮಷೀನಿಗೆ 16 ಕೋರ್, ಅಂದರೆ ಒಟ್ಟಿಗೆ ಹದಿನಾರು ಕೆಲಸ ಮಾಡಬಲ್ಲ ಪ್ರೊಸೆಸರ್. ಅಲ್ಲಿ ಲೋಡ್ 5 ಅಂದರೆ ಹದಿನಾರು ಕೌಂಟರಿನ ಬ್ಯಾಂಕಿನಲ್ಲಿ ಐದು ಗಿರಾಕಿ ಇದ್ದ ಹಾಗೆ. ಉಳಿದ ಹನ್ನೊಂದು ಜನ ಆಕಳಿಸುತ್ತಿರುತ್ತಾರೆ. ಸಾಲದ್ದಕ್ಕೆ ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾದು ಕೂತ ಪ್ರೊಸೆಸ್‌ಗಳೂ ಲೋಡಿನ ಲೆಕ್ಕಕ್ಕೆ ಸೇರುತ್ತವೆ. ಒಂದೂವರೆಗೆ ಬ್ಯಾಕಪ್ ಶುರುವಾದರೆ ಸಾಕು, 7 ದಾಟುತ್ತಿತ್ತು. ಈಗ ಲೋಡ್ ಪ್ಲಗಿನ್‌ಗೆ 'ಮೈನಸ್ ಆರ್' ಅನ್ನೋ ಆಯ್ಕೆ ಕೊಟ್ಟಿದ್ದೇನೆ, ಕೋರ್ ಸಂಖ್ಯೆಯಿಂದ ಭಾಗಿಸಿ ನೋಡುತ್ತದೆ. ಒಂದು ನಿಮಿಷದ ಮಿತಿ 2, ಹದಿನೈದು ನಿಮಿಷದ್ದು 0.9. ಕಾಲು ಗಂಟೆ ಇಳಿಯದಿದ್ದರೆ ಎಬ್ಬಿಸಲಿ, ಬೇಡ ಅನ್ನಲ್ಲ.

ಎಬ್ಬಿಸಿದ್ದನ್ನಾದರೂ ಸಹಿಸಬಹುದು. ಎಬ್ಬಿಸದೇ ಹೋದ ಕಥೆ ಕೇಳಿ. ಡಿಸ್ಕ್ ನೋಡುವ ಸರ್ವಿಸನ್ನು ನಾನೇ ಬರೆದಿದ್ದೆ. ಐದು ನಿಮಿಷಕ್ಕೊಮ್ಮೆ ನೋಡಲಿ ಅಂತ ಚೆಕ್ ಇಂಟರ್ವಲ್ 300 ಎಂದು ಹಾಕಿದೆ. ಬೇರೆ ಕಡೆಯೆಲ್ಲ ಸೆಕೆಂಡಿನಲ್ಲಿ ಬರೆದು ಬರೆದು ಕೈಗೆ ಅದೇ ರೂಢಿ. ನಾಗಿಯೋಸ್‌ನಲ್ಲಿ ಒಂದು ಯೂನಿಟ್ ಅಂದರೆ 60 ಸೆಕೆಂಡು. 300 ಅಂದರೆ ಐದು ಗಂಟೆ! ಕಾನ್ಫಿಗ್ ಪರೀಕ್ಷೆ ಮಾಡಿದಾಗ 0 ಎರರ್ ಅಂತಲೇ ಬಂತು. 300 ತಪ್ಪು ಸಂಖ್ಯೆಯೇನಲ್ಲವಲ್ಲ.

ಒಂದು ಮಧ್ಯಾಹ್ನ ಯಾರೋ ಡೀಬಗ್ ಲಾಗ್ (ಪ್ರೋಗ್ರಾಂ ಇಡುವ ಪ್ರತಿ ಹೆಜ್ಜೆಯನ್ನೂ ಬರೆದಿಡುವ ಕಡತ) ಆನ್ ಮಾಡಿ ಊಟಕ್ಕೆ ಹೋದರು. ಗಂಟೆಗೆ 3 ಜಿಬಿ. ಲಾಗ್ ಇರುವ ಪಾರ್ಟಿಷನ್ ಬರೀ 20 ಜಿಬಿ. ವಾರ್ನಿಂಗ್ ಶೇ. 20, ಅಂದರೆ 4 ಜಿಬಿ ಉಳಿದಾಗ. ಅಲ್ಲಿಂದ ತುಂಬಲು ಎಂಬತ್ತು ನಿಮಿಷ. ನಮ್ಮ ಕಾವಲುಗಾರ ಬರುವುದು ಐದು ಗಂಟೆಗೊಮ್ಮೆ. ಗ್ರಾಹಕರು ಫೋನ್ ಮಾಡಿದ ಮೇಲೇ ನನಗೆ ಗೊತ್ತಾಗಿದ್ದು. ಅದೇ ಶೇ. 20 ನಮ್ಮ 4 ಟಿಬಿ ಆರ್ಕೈವ್ ಡಿಸ್ಕಿನಲ್ಲಿ 800 ಜಿಬಿ. ದಿನಕ್ಕೆ 2 ಜಿಬಿ ಸೇರುವ ಕಡೆ, ತುಂಬಲು ವರ್ಷಕ್ಕೂ ಮೇಲೆ ಇರುವಾಗಲೇ ಅದು ಹಳದಿ ಬಣ್ಣ ತೋರಿಸುತ್ತಿತ್ತು, ನೋಡಿ ನೋಡಿ ನನಗೆ ಆ ಹಳದಿ ಕಾಣುವುದೇ ನಿಂತಿತ್ತು.

ಈಗ ಶೇಕಡಾ ಲೆಕ್ಕ ಬಿಟ್ಟಿದ್ದೇನೆ. ಲಾಗಿನ ಪಾರ್ಟಿಷನ್‌ಗೆ 8 ಜಿಬಿ ಉಳಿದಾಗ ವಾರ್ನಿಂಗ್, ನೋಡುವುದು ಐದು ನಿಮಿಷಕ್ಕೊಮ್ಮೆ. ಆರ್ಕೈವ್‌ಗೆ 100 ಜಿಬಿ, ದಿನಕ್ಕೆರಡು ಸಲ ನೋಡಿದರೆ ಧಾರಾಳ. ವೆಬ್‌ಸೈಟ್ ಮಾತ್ರ ನಿಮಿಷಕ್ಕೊಮ್ಮೆ, ಮೂರು ಪ್ರಯತ್ನ: ಮೊದಲೆರಡು ಸಲ ಬಿದ್ದದ್ದು 'ಸಾಫ್ಟ್', ಮೂರನೆಯದು 'ಹಾರ್ಡ್', ಆಗಷ್ಟೇ ಕರೆ. ಮಾದರಿ ಫೈಲಿನಂತೆ ಐದು ನಿಮಿಷಕ್ಕೊಮ್ಮೆ ನೋಡಿ, ಬಿದ್ದಿದ್ದರೆ ನಿಮಿಷಕ್ಕೊಂದರಂತೆ ಇನ್ನೂ ಮೂರು, ಒಟ್ಟು ನಾಲ್ಕು ಪ್ರಯತ್ನ ಇಟ್ಟುಕೊಂಡರೆ ಸೈಟ್ ಬಿದ್ದು ಎಂಟು ನಿಮಿಷವಾದರೂ ನನಗೆ ಸುದ್ದಿ ಬರದೇ ಇರಬಹುದು. ಬಾಸ್ ಅಷ್ಟು ಹೊತ್ತು ಕಾಯುವವರಲ್ಲ.

ಸ್ವಾಪ್‌ದು (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇನ್ನೂ ಮಾದರಿ ಫೈಲಿನ ಅಂಕಿಯಲ್ಲೇ ಇದೆ. ಭಾನುವಾರ ಕೂರಬೇಕು.