ಅವ್ವನ ರುದ್ರಾಕ್ಷಿ ಸರ, 84ನೇ ಮಣಿ

ದಿನ 1
ಒಂದಾದರೂ ಇಂಗ್ಲಿಷ್ ಪುಸ್ತಕ ಕೊನೆಯವರೆಗೂ ಓದಬೇಕು ಅಂತ ಹಟ. ಆರಿಸಿಕೊಂಡದ್ದು ಎಲಿಜಬೆತ್ ಗಿಲ್ಬರ್ಟ್ ಅವರ ‘ಈಟ್, ಪ್ರೇ, ಲವ್’. 2006ರದ್ದು. ಡೈವೋರ್ಸ್ ಆಗಿ ನೆಲಕಚ್ಚಿದ್ದ ಅಮೆರಿಕದ ಲೇಖಕಿ ಇಟಲಿ, ಇಂಡಿಯಾ, ಇಂಡೋನೇಷ್ಯಾದಲ್ಲಿ ತಲಾ ನಾಲ್ಕು ತಿಂಗಳು ಇದ್ದು ಬಂದ ಕಥೆ. ಜಪಮಾಲೆಯ ಲೆಕ್ಕದಲ್ಲಿ 108 ಅಧ್ಯಾಯ, ದೇಶಕ್ಕೆ 36. ಮುನ್ನುಡಿಯೇ 109ನೇ ಮಣಿ.

ಅದನ್ನು ನೋಡಿ ತಲೆ ಓಡಿತು. ಅವ್ವನ ರುದ್ರಾಕ್ಷಿ ಸರ ಇಸ್ಕೊಂಡೆ. ದಿನಕ್ಕೆ ಮೂರು ಮಣಿ, 36 ದಿನಕ್ಕೆ ಮುಗಿಯಬೇಕು. ಎಲ್ಲಿಗೆ ಬಂದೆ ಅಂತ ಗುರುತಿಗೆ ಕೆಂಪು ದಾರ.

ದಿನ 9
ಇಟಲಿ ಮುಗಿಯಿತು! ಮೂರು ದಿನ ಮುಂದಿದ್ದೇನೆ. ನೇಪಲ್ಸ್‌ನ ಪಿಜ್ಜಾ ಬಗ್ಗೆ ಓದಿದ ರಾತ್ರಿ ಎದ್ದು ಹೋಗಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ತಿನ್ನೋದನ್ನು ಬರೆಯೋದರಲ್ಲಿ ಆಕೆಯನ್ನು ಮೀರಿಸೋರು ಕಡಿಮೆ.

ಹೊಟ್ಟೆ ಉರಿದದ್ದೂ ಇಲ್ಲೇ. ಈ ಪ್ರವಾಸಕ್ಕೆ ಪ್ರಕಾಶಕರು ಮುಂಗಡ ದುಡ್ಡು ಕೊಟ್ಟಿದ್ದರು. ನಾನು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವಳು. ಸುಗ್ಗಿಯಲ್ಲಿ ನಾಲ್ಕು ತಿಂಗಳು ರಜೆ ಕೇಳಿದರೆ ಸಾಹುಕಾರ್ರು ಪರ್ಮನೆಂಟ್ ರಜೆಯನ್ನೇ ಕೊಟ್ಟಾರು. ಆದರೆ ದುಡ್ಡಿನ ವಿಷಯ ಆಕೆ ಮುಚ್ಚಿಟ್ಟಿಲ್ಲ. ಅಷ್ಟು ಒಪ್ಪಬೇಕು.

ದಿನ 17
ದಾರ ನಿಧಾನವಾಗಿದೆ. ಇಂಡಿಯಾ ಅಂದರೆ ಒಂದು ಆಶ್ರಮ, ಅಷ್ಟೇ. ದೇಶ ಸುತ್ತುವ ಪ್ಲ್ಯಾನ್ ಇತ್ತಂತೆ, ಆಮೇಲೆ ಅಲ್ಲೇ ಉಳಿದುಬಿಟ್ಟರು.

ಆದರೂ ಪುಸ್ತಕದಲ್ಲಿ ನನಗೆ ಅತಿ ನಿಜ ಅನ್ನಿಸಿದ ಭಾಗ ಇಲ್ಲೇ ಇದೆ. ದಿನಾ ಬೆಳಿಗ್ಗೆ 182 ಶ್ಲೋಕದ ಗುರುಗೀತೆ ಹಾಡಬೇಕು. ಆಕೆಗೆ ಅದು ಸುತರಾಂ ಆಗದು. ಮೈ ಬೆವರುತ್ತದೆ, ಸಿಟ್ಟು ಬರುತ್ತದೆ, ತಪ್ಪಿಸಿಕೊಳ್ಳೋದಕ್ಕೆ ನೋಡುತ್ತಾರೆ. ಅಕ್ಕನ ಮಗನನ್ನು ನೆನೆದು ಅವನಿಗೋಸ್ಕರ ಹಾಡೋದಕ್ಕೆ ಶುರು ಮಾಡಿದ ಮೇಲೆ ಅದು ಹಿಡಿಸುತ್ತದೆ. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಹೋಗಿ ಕಂಬಕ್ಕೆ ಒರಗಿ ನಿದ್ದೆ ಹೊಡೆದವಳು ನಾನು. ಈ ಕಷ್ಟ ನನಗೆ ಗೊತ್ತು.

ಆಕೆಯ ಜೊತೆ ನೆಲ ಉಜ್ಜುವ ತುಳಸಿ ಅಂತ ಹದಿನೇಳರ ಹುಡುಗಿ ಬರುತ್ತಾಳೆ. ಹದಿನೆಂಟು ತುಂಬಿದರೆ ಮನೆಯಲ್ಲಿ ಮದುವೆ ಮಾತು ಎತ್ತುತ್ತಾರೆ ಅಂತ ಹೆದರಿಕೆ ಅವಳಿಗೆ. ನನಗೆ ಅವಳ ಕಥೆ ಬೇಕಿತ್ತು. ಕೆಲವೇ ಪುಟದಲ್ಲಿ ಮುಗಿದುಹೋಯಿತು. ಪುಸ್ತಕ ಮುಚ್ಚಿಟ್ಟೆ.

ದಿನ 23
ಒಂದು ಮಣಿಯೂ ಸರಿದಿಲ್ಲ. ಭಾನುವಾರ ಅಣ್ಣನ ಬೈಕಿನಲ್ಲಿ ಸಾಣಾಪುರದ ಕಡೆ ಹೋಗಿದ್ದೆ. ವಾಪಸ್ ಬರುವಾಗ ವಿರೂಪಾಪುರ ಗಡ್ಡಿ ಹತ್ತಿರ ಅವನೇ ಗಾಡಿ ನಿಲ್ಲಿಸಿದ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಇಲ್ಲಿನ ರೆಸಾರ್ಟ್‌ಗಳನ್ನು ಕೆಡವಿದರು. ಅದಕ್ಕೂ ಮುಂಚೆ ಅಣ್ಣ ಇಲ್ಲಿ ಬಾಡಿಗೆಗೆ ಮೊಪೆಡ್ ಕೊಡುತ್ತಿದ್ದ. ಹೊಳೆಯ ಆ ಕಡೆ ಹಂಪಿ, ಈ ಕಡೆ ಭತ್ತದ ಗದ್ದೆ, ನಡುವೆ ತಿಂಗಳುಗಟ್ಟಲೆ ಉಳಿಯುವ ಫಾರಿನರ್ಸ್. ಬಂಡೆ ಮೇಲೆ ಕೂತು ಮುಳುಗೋ ಸೂರ್ಯನನ್ನು ನೋಡುತ್ತಾ ಅಳುವವರನ್ನೂ ಕಂಡಿದ್ದೇನೆ.

ಗಿಲ್ಬರ್ಟ್ ಪುಸ್ತಕ ಅಂಥವರೊಬ್ಬರ ಡೈರಿ ಕದ್ದು ಓದಿದ ಹಾಗಿದೆ. ತಮ್ಮ ಒಳಗಿನದೇ ಇಷ್ಟು ತುಂಬಿರುವಾಗ ಹರಿಗೋಲು ನಡೆಸುವವನ ಮುಖ ಎಲ್ಲಿ ಕಾಣಬೇಕು? ಸಿಟ್ಟು ಬಂತು. ಅಣ್ಣನನ್ನು ಕೇಳಿದೆ, ‘ನಿನ್ ಕಡೆ ಗಾಡಿ ಒಯ್ದೋರ ಪೈಕಿ ಯಾರರ ಹೆಸರು ನೆನಪೈತೇನು?’

‘ಹೆಸರು ಯಾಕ ಬೇಕಿತ್ತು? ಪಾಸ್‌ಪೋರ್ಟ್ ಝೆರಾಕ್ಸ್ ಇರ್ತಿತ್ತಲ್ಲ’ ಅಂದ.

ನನ್ನ ಸಿಟ್ಟು ಅರ್ಧ ಇಳಿಯಿತು. ಆ ಬಂಡೆ ಮೇಲೆ ಅಳುತ್ತಿದ್ದವಳನ್ನು ಏನಾಯ್ತು ಅಂತ ನಾನೂ ಕೇಳಿರಲಿಲ್ಲ, ಅಲ್ವಾ.

ದಿನ 41
ಲೆಕ್ಕ ತಪ್ಪಿ ಐದು ದಿನ ಆಯಿತು. ದಾರ 84ನೇ ಮಣಿಯಲ್ಲಿದೆ. ತುಳಸಿಯ ಪುಟಗಳನ್ನು ಎರಡು ಸಲ ಓದಿದ್ದಕ್ಕೆ ಸಮಯ ಹೋಯಿತು. ಈಗ ಬಾಲಿ. ಹಲ್ಲುದುರಿದ ಮುದುಕ ವೈದ್ಯ ಕೇಟೂಟ್ ಬಂದಾಗಲೆಲ್ಲ ಖುಷಿಯಾಗುತ್ತದೆ. ಪ್ರೀತಿ ಪ್ರೇಮ ಶುರುವಾದಾಗ ಪುಟ ಹಾರಿಸೋಣ ಅನ್ನಿಸುತ್ತದೆ. ಹಾರಿಸಿಲ್ಲ.

ಮೊನ್ನೆ ಅವ್ವ ಸರ ವಾಪಸ್ ಕೇಳಿದಳು. ಶ್ರಾವಣ ಸೋಮವಾರ ಬಂತು.

‘ಇನ್ನಾ ಇಪ್ಪತ್ನಾಕು ಮಣಿ ಅದಾವ ಯವ್ವಾ’ ಅಂದೆ.

‘ದಾರ ಬಿಚ್ಚಬ್ಯಾಡ. ನಾ ಅಲ್ಲಿಂದನ ಎಣಿಸ್ತೀನಿ’ ಅಂದಳು.