ಅಮೆರಿಕ ಧ್ವಜದ ನಕ್ಷತ್ರ ಜೋಡಣೆ: ನಕ್ಷೆಗಳು 20ನೆಯ ನಕ್ಷತ್ರದವರೆಗೆ

ಹೊಸ ರಾಜ್ಯಗಳು ಸೇರಿದಂತೆ ನಕ್ಷತ್ರಗಳೂ ಹೆಚ್ಚುತ್ತ ಹೋದದ್ದರಿಂದ ಅಮೆರಿಕದ ರಾಷ್ಟ್ರಧ್ವಜಕ್ಕೆ ಇದುವರೆಗೆ 27 ಅಧಿಕೃತ ರೂಪಗಳು ಬಂದಿವೆ. ಅವುಗಳ ನೀಲಿ ಭಾಗವನ್ನಷ್ಟೇ ಒಂದೇ ಅಳತೆಯಲ್ಲಿ ಎ3 ಗ್ರಾಫ್ ಹಾಳೆಗಳ ಮೇಲೆ ಬರೆದು, ನಕ್ಷತ್ರಗಳ ಜೋಡಣೆ ಬದಲಾದ ಬಗೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಕೆಲಸದ ಉದ್ದೇಶ.

ನಿಯಮಗಳು ಸ್ಪಷ್ಟವಾಗಿರುವ ಕೊನೆಯ ಮೂರು ರೂಪಗಳನ್ನು ಮೊದಲು ಮುಗಿಸಿದೆ. 1912ರ ಜೂನ್ 24ರಂದು ಅಧ್ಯಕ್ಷ ಟಾಫ್ಟ್ ಹೊರಡಿಸಿದ ಆದೇಶ 48 ನಕ್ಷತ್ರಗಳನ್ನು ಎಂಟೆಂಟರ ಆರು ಸಾಲುಗಳಲ್ಲಿ ನಿಲ್ಲಿಸಿತು. ಅಲಾಸ್ಕ ಸೇರಿದಾಗ ಏಳೇಳರ ಏಳು ಸಾಲುಗಳಾದವು. ಹವಾಯಿಗಾಗಿ 1960ರ ಜುಲೈ 4ರಂದು ಜಾರಿಗೆ ಬಂದ 50ರ ಜೋಡಣೆಯಲ್ಲಿ ಆರರ ಐದು ಸಾಲುಗಳ ನಡುವೆ ಐದರ ನಾಲ್ಕು ಸಾಲುಗಳು, ಸಂದಿನಲ್ಲಿ ಚುಕ್ಕಿಯಿಡುವ ರಂಗೋಲಿಯಂತೆ, ಸೇರಿಕೊಂಡಿವೆ. ಧ್ವಜದ ಎತ್ತರವನ್ನು 50 ಸೆಂಟಿಮೀಟರ್ ಎಂದು ಹಿಡಿದರೆ ಸಾಲುಗಳ ಅಂತರ 27 ಮಿಲಿಮೀಟರ್, ನಕ್ಷತ್ರದ ವ್ಯಾಸ 30.8 ಮಿಲಿಮೀಟರ್ ಆಗುತ್ತದೆ. ಸಾಲುಗಳ ಅಂತರಕ್ಕಿಂತ ನಕ್ಷತ್ರವೇ ದೊಡ್ಡದಾದರೂ ಒಂದಕ್ಕೊಂದು ತಗಲದಿರುವುದು ಈ ಓರೆ ಜೋಡಣೆಯ ಚೆಲುವು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿರುವುದು 1912ಕ್ಕೆ ಹಿಂದಿನ ಕಾಲ. 1777ರ ಜೂನ್ 14ರ ನಿರ್ಣಯ ನೀಲಿ ನೆಲದ ಮೇಲೆ 13 ಬಿಳಿ ನಕ್ಷತ್ರಗಳು ಹೊಸ ನಕ್ಷತ್ರಪುಂಜವನ್ನು ಸೂಚಿಸಬೇಕೆಂದು ಹೇಳಿತೇ ಹೊರತು, ಅವು ಎಲ್ಲಿ ನಿಲ್ಲಬೇಕೆಂದು ಹೇಳಲಿಲ್ಲ. ಆದ್ದರಿಂದ 13ಕ್ಕೆ ಒಂದೇ ಹಾಳೆ ಸಾಲದೆ, 3-2-3-2-3 ಸಾಲುಗಳಿಗೊಂದು, ವೃತ್ತಕ್ಕೊಂದು ಎಂದು ಎರಡು ಬರೆದಿದ್ದೇನೆ. ಮೊದಲ ಧ್ವಜವನ್ನು ಹೊಲಿದವರು ಬೆಟ್ಸಿ ರಾಸ್ ಎಂಬ, ವೃತ್ತದೊಂದಿಗೆ ತಳುಕು ಹಾಕಿಕೊಂಡಿರುವ ಕಥೆಯನ್ನು ಆಕೆಯ ಮೊಮ್ಮಗ ಸಾರ್ವಜನಿಕವಾಗಿ ಹೇಳಿದ್ದು 1870ರಲ್ಲಿ. ಹಾಗಾಗಿ ಹಾಳೆಯ ಶೀರ್ಷಿಕೆಯಲ್ಲಿ ಆ ಹೆಸರನ್ನು ಬಳಸಿಲ್ಲ. 15 ನಕ್ಷತ್ರಗಳಿಗೆ ಮೇರಿ ಪಿಕರ್ಸ್‌ಗಿಲ್ ಹೊಲಿದ, 1814ರಲ್ಲಿ ಬಾಲ್ಟಿಮೋರ್‌ನ ಕೋಟೆ ಫೋರ್ಟ್ ಮೆಕ್‌ಹೆನ್ರಿಯ ಮೇಲೆ ಹಾರಿದ ಧ್ವಜವೇ ಮಾದರಿಯಾಯಿತು. ಮೂರರಂತೆ ಐದು ಸಾಲುಗಳಿದ್ದ ಆ ಧ್ವಜದಲ್ಲಿ ಈಗ ಒಂದು ನಕ್ಷತ್ರ ಇಲ್ಲ. ನನ್ನ ನಕ್ಷೆಯಲ್ಲಿ ಹದಿನೈದನ್ನೂ ಇಟ್ಟಿದ್ದೇನೆ.

ಈಗ ಮೇಜಿನ ಮೇಲಿರುವುದು 1818ರ ಹಾಳೆ. ಪಟ್ಟಿಗಳನ್ನು 13ಕ್ಕೆ ಇಳಿಸಿ, ರಾಜ್ಯಕ್ಕೊಂದು ನಕ್ಷತ್ರವೆಂದು ಕಾನೂನಾದ ಆ ವರ್ಷ, 20 ನಕ್ಷತ್ರಗಳು ಸೇರಿ ಒಂದೇ ಮಹಾನಕ್ಷತ್ರವಾಗಬೇಕೆಂದು ಕ್ಯಾಪ್ಟನ್ ಸ್ಯಾಮ್ಯುಯೆಲ್ ರೀಡ್ ಸೂಚಿಸಿದರು. ಅಧ್ಯಕ್ಷ ಮನ್ರೊ ಐದೈದರ ನಾಲ್ಕು ಸಾಲುಗಳನ್ನು ಆಯ್ದುಕೊಂಡರು. ಮಹಾನಕ್ಷತ್ರದ ಅಂಚಿನ 10 ಮೂಲೆಗಳಿಗೂ 10 ಬದಿಗಳ ನಡುವಿಗೂ ಒಂದೊಂದನ್ನಿಟ್ಟರೆ ಲೆಕ್ಕ ಸರಿಯಾಗಿ 20 ಆಗುತ್ತದೆ. ಇಲಿನಾಯ್‌ಗಾಗಿ 1819ರಲ್ಲಿ ಇಪ್ಪತ್ತೊಂದನೆಯದು ಬಂದಾಗ ಅದನ್ನು ನಡುವಿನಲ್ಲಿ ಕೂರಿಸಬಹುದು. ಮುಂದಿನವುಗಳಿಗೆ ಮಾತ್ರ ಇಡೀ ಆಕಾರವನ್ನೇ ಮತ್ತೆ ಹೆಣೆಯಬೇಕು. ಸಾಲುಗಳಲ್ಲಿ ಆ ತೊಡಕು ಕಡಿಮೆ. ಹಾಗಿದ್ದರೂ ದೂರದಿಂದ ಒಂದೇ ನಕ್ಷತ್ರವಾಗಿ ಕಾಣುವ ರೀಡ್ ಅವರ ಕಲ್ಪನೆಯೇ ನನಗೆ ಹೆಚ್ಚು ಹಿಡಿಸಿದೆ. 20ಕ್ಕೂ ಎರಡು ಹಾಳೆಗಳನ್ನು ಮಾಡಿ, ಬಳಿಕ ದಕ್ಷಿಣ ಕೆರೊಲಿನಾದ ಕೋಟೆ ಫೋರ್ಟ್ ಸಮ್ಟರ್‌ನ ಧ್ವಜದಲ್ಲಿದ್ದ 33 ನಕ್ಷತ್ರಗಳ ವಜ್ರಾಕಾರದ ಜೋಡಣೆಗೆ ಕೈಹಾಕುತ್ತೇನೆ.