ಟ್ರ್ಯಾಕ್ಟರ್ ಕ್ಲಚ್ ರಿಪೇರಿ: ಇಲ್ಲಿಯವರೆಗಿನ ಕೆಲಸ

ಭದ್ರಾ ನಾಲೆಗೆ ನೀರು ಬಿಡುವ ಮುಂಚೆ ನಮ್ಮ ಹಳೆ ಟ್ರ್ಯಾಕ್ಟರ್ ಗದ್ದೆಗೆ ಇಳಿಯುವಂತಾಗಬೇಕು. ಕ್ಲಚ್ ಕೆಲಸ ಹೆಚ್ಚುಕಮ್ಮಿ ಮುಗಿದಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಇದು ಡ್ಯುಯಲ್ ಕ್ಲಚ್ ಗಾಡಿ. ಒಳಗೆ ಎರಡು ಪ್ಲೇಟ್. ಒಂದು ಗೇರ್‌ಬಾಕ್ಸಿಗೆ, ಇನ್ನೊಂದು ಪಿಟಿಒಗೆ, ಅಂದರೆ ರೋಟಾವೇಟರ್ ಥರದ ಉಪಕರಣ ತಿರುಗಿಸುವ ಹಿಂದಿನ ಶಾಫ್ಟಿಗೆ. ಪೆಡಲ್ ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ. ಪೂರ್ತಿ ತುಳಿದರೆ ಪಿಟಿಒ ಕೂಡ ನಿಲ್ಲುತ್ತದೆ.

ತೊಂದರೆ ಏನಪ್ಪಾ ಅಂದರೆ, ಲೋಡ್ ಟ್ರೇಲರ್ ಎಳೆದುಕೊಂಡು ನಾಲೆ ಏರಿ ಹತ್ತುವಾಗ ಎಂಜಿನ್ ಸದ್ದು ಏರುತ್ತಿತ್ತು, ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಜೊತೆಗೆ ಲೈನಿಂಗ್ (ಪ್ಲೇಟಿನ ಮೇಲೆ ಹಿಡಿತಕ್ಕೆ ಹಾಕಿರುವ ಪದರ) ಸುಟ್ಟ ವಾಸನೆ. ಆದರೆ ಅದೇ ಗಾಡಿಗೆ ರೋಟಾವೇಟರ್ ಹಾಕಿದರೆ ಬ್ಲೇಡ್ ಒಂದೇ ಸಮನೆ ತಿರುಗುತ್ತಿತ್ತು. ಅಂದರೆ ಪಿಟಿಒ ಪ್ಲೇಟ್ ಗಟ್ಟಿಯಾಗಿದೆ, ಜಾರುತ್ತಿರುವುದು ಮೇನ್ ಪ್ಲೇಟ್. ಡ್ಯುಯಲ್ ಕ್ಲಚ್ ಇರುವವರು ಮೊದಲು ಇದನ್ನೇ ನೋಡಿಕೊಳ್ಳಬೇಕು. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಖಾತ್ರಿಗೆ ಇನ್ನೊಂದು ಪರೀಕ್ಷೆ ಮಾಡಿದೆ. ಬಯಲಿನಲ್ಲಿ, ಮುಂದೆ ಯಾರೂ ಇಲ್ಲದ ಕಡೆ ಗಾಡಿ ನಿಲ್ಲಿಸಿ, ಎರಡೂ ಬ್ರೇಕ್ ಗಟ್ಟಿಯಾಗಿ ತುಳಿದು, ಟಾಪ್ ಗೇರ್ ಹಾಕಿ ನಿಧಾನವಾಗಿ ಕ್ಲಚ್ ಬಿಟ್ಟೆ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಆಗಲೇ ಬಂದ್ ಆಗಬೇಕು. ಇಲ್ಲಿ ಹಾಗೇ ಓಡುತ್ತಲೇ ಇತ್ತು. ಈ ಪರೀಕ್ಷೆಯನ್ನು ಪದೇ ಪದೇ ಮಾಡಬಾರದು, ಲೈನಿಂಗ್ ಕಾದು ಹೋಗುತ್ತದೆ.

ಕ್ಲಚ್ ಜಾರುವುದೇ ಬೇರೆ, ಕ್ಲಚ್ ಬಿಡದೇ ಇರುವುದೇ ಬೇರೆ. ಪೆಡಲ್ ಪೂರ್ತಿ ತುಳಿದು ಸ್ವಲ್ಪ ಹೊತ್ತು ಕಾದರೂ ಗೇರ್ ಕರಕರ ಅಂದರೆ ಪ್ಲೇಟ್ ಬಿಡುತ್ತಿಲ್ಲ ಎಂದರ್ಥ. ಮಳೆಗಾಲದಲ್ಲಿ ಸುಮ್ನೆ ನಿಂತ ಗಾಡಿಯಲ್ಲಿ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ (ಎಂಜಿನ್ ಹಿಂದಿನ ಭಾರದ ಚಕ್ರ) ಅಂಟಿಕೊಳ್ಳುವುದೂ ಉಂಟು. ನಮ್ಮದರಲ್ಲಿ ಗೇರ್ ಸಲೀಸಾಗಿ ಬೀಳುತ್ತಿತ್ತು, ಹಾಗಾಗಿ ಆ ದಾರಿ ಬಿಟ್ಟೆ.

ಕ್ಲಚ್ ಹೋಗಿದೆ ಅಂದ ಕೂಡಲೇ ಗಾಡಿಯನ್ನು ಎರಡು ಭಾಗ ಮಾಡಲು ಹೊರಡುವವರೇ ಜಾಸ್ತಿ. ಅದಕ್ಕೂ ಮುಂಚೆ ಹೊರಗಿನಿಂದಲೇ ನೋಡುವುದು ಎರಡಿದೆ. ಒಂದು, ಪೆಡಲ್ ಫ್ರೀ ಪ್ಲೇ, ಅಂದರೆ ಕ್ಲಚ್ ಮೇಲೆ ಒತ್ತಡ ಬೀಳುವ ಮುಂಚೆ ಪೆಡಲ್ ಸುಮ್ನೆ ಇಳಿಯುವ ಅಂತರ. ಹಲವು ಗಾಡಿಗಳಲ್ಲಿ ಅದು 20ರಿಂದ 30 ಮಿ.ಮೀ. ಸುತ್ತಮುತ್ತ ಇರುತ್ತದೆ, ಆದರೆ ನಿಮ್ಮ ಗಾಡಿಯ ಪುಸ್ತಕದಲ್ಲಿ ಇದ್ದದ್ದೇ ಲೆಕ್ಕ. ಲೈನಿಂಗ್ ಸವೆದಂತೆ ಫ್ರೀ ಪ್ಲೇ ಕಡಿಮೆಯಾಗುತ್ತದೆ. ಪೂರ್ತಿ ಹೋದರೆ ರಿಲೀಸ್ ಬೇರಿಂಗ್ ಸದಾ ಫಿಂಗರ್ (ಪ್ಲೇಟನ್ನು ಬಿಡಿಸುವ ಸಣ್ಣ ಲಿವರ್) ಮೇಲೆ ಒತ್ತುತ್ತಲೇ ಇರುತ್ತದೆ, ಪ್ಲೇಟ್ ಜಾರುತ್ತದೆ. ನಮ್ಮದರಲ್ಲಿ ಕಡಿಮೆ ಇತ್ತು. ಲಾಕ್ ನಟ್ ಸಡಿಲಿಸಿ ರಾಡ್ ಸರಿ ಮಾಡಿದೆ. ಜಾರುವುದು ನಿಲ್ಲಲಿಲ್ಲ.

ಎರಡನೆಯದು, ಕ್ಲಚ್ ಹೌಸಿಂಗ್ ಅಡಿಯಲ್ಲಿರುವ ಸಣ್ಣ ತೂತು. ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಇಲ್ಲಿ ಯಾವ ಎಣ್ಣೆ ಎಂದು ತಿಳಿಯುವುದೇ ಮುಖ್ಯ. 90 ನಂಬರ್ ಗೇರ್ ಆಯಿಲ್ ಆದರೆ ದಪ್ಪಗಿದ್ದು ಗಂಧಕದ ಘಾಟು ಹೊಡೆಯುತ್ತದೆ, ಆಗ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲ್ ಹೋಗಿದೆ ಎಂದುಕೊಳ್ಳಬೇಕು. ನಮ್ಮದು ಕಪ್ಪಗೆ, ತೆಳ್ಳಗೆ, ಘಾಟಿಲ್ಲದೆ ಇತ್ತು. ಅದು ಎಂಜಿನ್ ಆಯಿಲ್. ಅಂದರೆ ಎಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ನ ಹಿಂದಿನ ಸೀಲ್ ಸೋರುತ್ತಿದೆ. ಇಷ್ಟು ಗೊತ್ತಾದ ಮೇಲೇ ಗಾಡಿ ಬಿಚ್ಚಲು ಮನಸ್ಸು ಬಂತು. ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ನೋಡದೆ ಹೊಸ ಪ್ಲೇಟ್ ಹಾಕಿದರೆ ಅದೂ ನೆನೆದು ಹೋಗುತ್ತದೆ, ದುಡ್ಡು ದಂಡ.

ಬಿಚ್ಚುವಾಗ ಎಲ್ಲಕ್ಕಿಂತ ಜಾಸ್ತಿ ಹುಷಾರು ಬೇಕಾದದ್ದು ಮುಂದಿನ ಆಕ್ಸಲ್ ಹತ್ತಿರ. ಅದು ನಡುವಿನ ಒಂದೇ ಪಿನ್ ಮೇಲೆ ತೂಗಾಡುತ್ತದೆ. ಹಿಂದಿನ ಭಾಗ ಬೇರೆಯಾದ ಕೂಡಲೇ ಎಂಜಿನ್ ಒಂದು ಕಡೆಗೆ ವಾಲಬಹುದು. ಆಕ್ಸಲ್‌ಗೂ ಅದರ ಮೇಲಿನ ಬ್ರಾಕೆಟ್‌ಗೂ ನಡುವೆ ಎರಡೂ ಕಡೆ ಮರದ ಬೆಣೆ ಬಡಿದೆವು. ಗೇರ್‌ಬಾಕ್ಸ್ ಅಡಿ ಸ್ಟ್ಯಾಂಡ್, ಎಂಜಿನ್ ಅಡಿ ಚಕ್ರದ ಟ್ರಾಲಿ. ಜಾಕಿ ಒಂದನ್ನೇ ನಂಬಿ ಅಡಿಗೆ ಕೈ ಹಾಕಬೇಡಿ. ಬ್ಯಾಟರಿ, ವೈರಿಂಗ್, ಡೀಸೆಲ್ ಪೈಪ್, ಸ್ಟೇರಿಂಗ್ ರಾಡ್ ಬಿಡಿಸಿದ ಮೇಲೆ ಎಂಜಿನ್ ಭಾಗವನ್ನು ನೆಟ್ಟಗೆ ಮುಂದಕ್ಕೆ ಎಳೆದೆವು.

ಒಳಗೆ ಕಂಡದ್ದು: ಲೈನಿಂಗ್ ಪುಡಿ ಎಣ್ಣೆ ಜೊತೆ ಸೇರಿ ಕಾಡಿಗೆಯಂತೆ ಹೌಸಿಂಗ್ ಗೋಡೆಗೆ ಮೆತ್ತಿಕೊಂಡಿತ್ತು. ಮೇನ್ ಪ್ಲೇಟ್ ಮೇಲ್ಮೈ ನುಣುಪಾಗಿ ಹೊಳೆಯುತ್ತಿತ್ತು, ರಿವೆಟ್ ತಲೆಗಳು ಲೈನಿಂಗ್ ಮಟ್ಟಕ್ಕೆ ಬಂದಿದ್ದವು. ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಕಲೆ, ಕಾದದ್ದರ ಗುರುತು. ಒಂದು ಫಿಂಗರಿನ ತುದಿ ಉಳಿದವುಗಳಿಗಿಂತ ಆಳವಾಗಿ ಸವೆದಿತ್ತು. ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗನ್ನು ಬೆರಳಿನಿಂದ ತಿರುಗಿಸಿದರೆ ತಡೆದು ತಡೆದು ತಿರುಗುತ್ತಿತ್ತು. ಅದೂ ಹೋಯಿತು. ಪಿಟಿಒ ಪ್ಲೇಟಿಗೆ ಎಣ್ಣೆ ತಾಗಿರಲಿಲ್ಲ. ಈ ಪುಡಿಗೆ ಗಾಳಿ ಹೊಡೆಯಬಾರದು. ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಎದೆಗೆ ಹೋದರೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆವು.

ಸೀಲ್ ಯಾಕೆ ಸೋರಿತು? ಹಳತಾಗಿತ್ತು, ನಿಜ. ಆದರೆ ಎಂಜಿನ್ ಬ್ರೀದರ್ ಬಿಚ್ಚಿ ನೋಡಿದರೆ ಧೂಳು, ಜಿಡ್ಡು ಸೇರಿ ಮುಚ್ಚಿಹೋಗಿತ್ತು. ಒಳಗಿನ ಗಾಳಿಗೆ ಹೊರಬರಲು ದಾರಿ ಇಲ್ಲದಿದ್ದರೆ ಒತ್ತಡ ಸೀಲ್ ಮೇಲೆ ಬೀಳುತ್ತದೆ, ಅಲ್ವಾ? ಡೀಸೆಲ್‌ನಲ್ಲಿ ತೊಳೆದು ಹಾಕಿದೆ. ಹಳೆ ಸೀಲ್ ಕೂತ ಜಾಗದಲ್ಲಿ ಕ್ರ್ಯಾಂಕ್ ಮೇಲೆ ಸಣ್ಣ ಗೆರೆ ಬಿದ್ದಿತ್ತು. ಹೊಸದರ ತುಟಿ ಆ ಗೆರೆಯ ಮೇಲೆ ಕೂರದಂತೆ ಸ್ವಲ್ಪ ಸರಿಸಿ ಕೂರಿಸಿದೆವು.

ಫ್ಲೈವೀಲ್ ಲೇತ್‌ಗೆ ಹೋಯಿತು. ನಮ್ಮದು ಮೆಟ್ಟಿಲಿರುವ ಫ್ಲೈವೀಲ್. ಪ್ಲೇಟ್ ತಾಗುವ ಮುಖವನ್ನು ಎಷ್ಟು ತೆಗೆಯುತ್ತೀರೋ, ಕವರ್ ಬೋಲ್ಟ್ ಕೂರುವ ಮುಖವನ್ನೂ ಅಷ್ಟೇ ತೆಗೆಯಬೇಕು. "ಅದನ್ನೂ ತೆಗೀಬೇಕಾ ಅಣ್ಣಾ, ಅದು ಚೆನ್ನಾಗೇ ಇದೆಯಲ್ಲ?" ಎಂದು ಲೇತ್ ಹುಡುಗ ಕೇಳಿದ. ಬಿಟ್ಟರೆ ಸ್ಪ್ರಿಂಗ್ ಒತ್ತಡ ಕಡಿಮೆಯಾಗಿ ಹೊಸ ಪ್ಲೇಟೂ ಜಾರುತ್ತದೆ ಎಂದು ಪಕ್ಕದಲ್ಲೇ ನಿಂತು ಮಾಡಿಸಿದೆ.

ಜೋಡಿಸುವಾಗ ಡಮ್ಮಿ ಶಾಫ್ಟ್ ಹಾಕಿ ಪ್ಲೇಟ್‌ಗಳನ್ನು ನಡುವಿಗೆ ತಂದು ಕವರ್ ಬೋಲ್ಟ್ ಬಿಗಿದೆವು. ಫಿಂಗರ್‌ಗಳನ್ನು ಗೇಜ್ ಇಟ್ಟು ಒಂದೇ ಎತ್ತರಕ್ಕೆ ತಂದೆವು. ಒಂದು ಏರುಪೇರಾದರೂ ಗಾಡಿ ಹೊರಡುವಾಗ ನಡುಗುತ್ತದೆ. ಸ್ಪ್ಲೈನಿಗೆ (ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳು) ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಜಾಸ್ತಿಯಾದರೆ ಹಾರಿ ಲೈನಿಂಗ್ ಮೇಲೇ ಬೀಳುತ್ತದೆ. ಎರಡೂ ಭಾಗ ಕೊನೆಯ ಬೆರಳಗಲದಲ್ಲಿ ಸೇರದೆ ನಿಂತಾಗ ಫ್ಲೈವೀಲನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಸ್ಪ್ಲೈನ್ ಕೂರಿಸಿದೆವು. ಬೋಲ್ಟ್ ಬಿಗಿದು ಎಳೆಯಲು ಹೋದರೆ ಪ್ಲೇಟಿನ ನಡು ಮುರಿಯುತ್ತದೆ.

ಈಗ ಗಾಡಿ ಖಾಲಿ ಟ್ರೇಲರ್ ಹಾಕಿಕೊಂಡು ಓಡಾಡುತ್ತಿದೆ. ಪೆಡಲ್ ಹಗುರವಾಗಿದೆ, ತೂತಿನ ಕೆಳಗೆ ಇಟ್ಟ ರಟ್ಟು ಒಣಗಿಯೇ ಇದೆ. ಲೈನಿಂಗ್ ಕೂತ ಮೇಲೆ ಫ್ರೀ ಪ್ಲೇ ಮತ್ತೆ ನೋಡಬೇಕು. ಕೆಸರು ಗದ್ದೆಗೆ ಇಳಿಯುವ ಮುಂಚೆ ಆ ತೂತಿಗೆ ಪ್ಲಗ್ ಹಾಕಬೇಕು, ಇಲ್ಲದಿದ್ದರೆ ರಾಡಿ ನೀರು ಒಳಗೆ ಹೋಗುತ್ತದೆ. ಗದ್ದೆ ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲೇಬೇಕು. ಪ್ಲಗ್‌ನ ಥ್ರೆಡ್ ಸವೆದಿದೆ. ಈ ಸಲ ಪೇಟೆಗೆ ಹೋದಾಗ ಹೊಸದು ತರಬೇಕು.